ಮಾವನ ಯಕ್ಷಗಾನ ಪ್ರಸಂಗಗಳು ಹಳೆ ಲ್ಯಾಪ್‌ಟಾಪಿನಲ್ಲಿವೆ. ಲಿನಕ್ಸ್ ಹಾಕಿಸುವುದಾ, ಹೊಸದು ತೆಗೆದುಕೊಳ್ಳುವುದಾ?

ತೋಟದಮನೆ, ಹೆಬ್ರಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರದವಳು. ವಯಸ್ಸು ಐವತ್ತೆರಡು. ಮನೆ, ಅಡಿಕೆ ತೋಟ, ಎರಡು ದನ. ಕಂಪ್ಯೂಟರ್ ಕ್ಲಾಸಿಗೆ ಹೋದವಳಲ್ಲ. ಮಗಳು ಕಾಲೇಜಿಗೆ ಹೋಗುವಾಗ ಅವಳ ಪಕ್ಕ ಕೂತು ನೋಡಿ ಕಲಿತದ್ದು.

ನಮ್ಮ ಮಾವ ಯಕ್ಷಗಾನ ಪ್ರಸಂಗ ಬರೆಯುತ್ತಿದ್ದರು. ದೊಡ್ಡ ಮೇಳಗಳಿಗೆ ಅಲ್ಲ, ಊರಿನ ಹವ್ಯಾಸಿ ಸಂಘಕ್ಕೆ. ಒಟ್ಟು ಹನ್ನೊಂದು ನೋಟ್ ಪುಸ್ತಕ ಉಂಟು. ಅವರು ತೀರಿಕೊಂಡ ಮರುವರ್ಷ ಮಳೆಗಾಲದಲ್ಲಿ ಕಪಾಟು ತೆರೆದಾಗ ಎರಡು ಪುಸ್ತಕಕ್ಕೆ ಒರಲೆ ಹಿಡಿದಿತ್ತು. ಇನ್ನು ತಡ ಮಾಡಿದರೆ ಏನೂ ಉಳಿಯುವುದಿಲ್ಲ ಅಂತ ಟೈಪ್ ಮಾಡಲು ಕೂತೆ. ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೆದ ಮೇಲೆ ದಿನಕ್ಕೆ ಒಂದು ಗಂಟೆ. ಆರು ವರ್ಷದಲ್ಲಿ ಏಳು ಪುಸ್ತಕ ಮುಗಿಯಿತು. ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ.

ಲ್ಯಾಪ್‌ಟಾಪ್ 2016ರದ್ದು, ಒಳಗೆ ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಪರದೆ ಮೇಲೆ ಬರುತ್ತಿತ್ತು, ಮುಗಿದೂ ಹೋಯಿತು. ಈಗ ಆನ್ ಆಗಲು ಏಳೆಂಟು ನಿಮಿಷ ಬೇಕು. ಉಡುಪಿಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. "ವಿಂಡೋಸ್ 11 ಇದಕ್ಕೆ ಹೋಗುವುದಿಲ್ಲ ಅಮ್ಮ, ಹೊಸದು ತೆಗೆದುಕೊಳ್ಳಿ, ನಲವತ್ತೈದು ಸಾವಿರದಿಂದ ಶುರು" ಎಂದರು. ಕಳೆದ ಮಳೆಯಲ್ಲಿ ನಮ್ಮ ತೋಟಕ್ಕೆ ಕೊಳೆರೋಗ ಬಂದು ಅರ್ಧ ಫಸಲು ಉದುರಿದೆ. ಅಷ್ಟು ದುಡ್ಡು ಈಗ ಇಲ್ಲ.

ತಂಗಿಯ ಮಗ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ದೊಡ್ಡಮ್ಮ, ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕುವ, ಒಂದು ರೂಪಾಯಿ ಖರ್ಚಿಲ್ಲ, ಮತ್ತೆ ನೀವು ಕಂಪ್ಯೂಟರಿನ ಬೇಸಿಕ್ ಸ್ವಲ್ಪ ಕಲಿಯಬೇಕು" ಅನ್ನುತ್ತಾನೆ. ಮನೆಯವರು, "ಮಿಕ್ಸಿ ತಿರುಗಿಸಲು ಮೋಟಾರ್ ರಿಪೇರಿ ಕಲಿಯಬೇಕಾ?" ಎಂದು ಕೇಳುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಅಂಗಡಿಯ ಹುಡುಗ "ನಿಮ್ಮ ಫೈಲುಗಳು ಎಲ್ಲಿವೆ?" ಎಂದು ಕೇಳಿದ. "ವರ್ಡ್ ತೆರೆದರೆ ಎಡಬದಿಗೆ ಪಟ್ಟಿ ಬರುತ್ತದೆ, ಅಲ್ಲಿವೆ" ಅಂದೆ. "ಅದು ಪಟ್ಟಿ ಅಮ್ಮ, ಫೈಲು ಎಲ್ಲಿ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಆರು ವರ್ಷದ ಕೆಲಸ, ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನಂಥವರು ಇದನ್ನೆಲ್ಲ ಕಲಿಯಬೇಕಾ? ಕಲಿಯಬೇಕಾದರೆ ಎಷ್ಟು? ಲಿನಕ್ಸ್ ಹಾಕಿದರೆ ನನ್ನ ನುಡಿ ಫೈಲುಗಳ ಗತಿ ಏನು? ದಯವಿಟ್ಟು ತಿಳಿದವರು ಹೇಳಿ.

ರಿಪೇರಿ ಬೆಂಚು, ಹಂಪನಕಟ್ಟೆ

ಅಕ್ಕ, ನಮಸ್ಕಾರ. ಮಂಗಳೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಮಾರಾಟ ಇಲ್ಲ, ರಿಪೇರಿ ಮಾತ್ರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ಆ ಹುಡುಗ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಲಿನಕ್ಸಾ ವಿಂಡೋಸಾ ಎಂಬುದು ಆಮೇಲಿನ ಮಾತು. ಫೈಲು ಎಲ್ಲಿದೆ ಎಂದು ಗೊತ್ತಾಗುವವರೆಗೆ ಆ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಡಬೇಡಿ. ತಂಗಿಯ ಮಗನಿಗೂ ಕೊಡಬೇಡಿ, ನನ್ನ ಹತ್ತಿರ ತಂದರೂ ನಾನು ಮೊದಲು ಅದನ್ನೇ ಕೇಳುವುದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಾಲ್ಕು ವರ್ಷದ ಹಿಂದೆ ಇಂಥದೇ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಬೇರೆ ಕಡೆ ಫಾರ್ಮ್ಯಾಟ್ ಮಾಡಿಸಿದ್ದರು. ಅಲ್ಲಿಯವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡಿಯೇ ಕೊಟ್ಟಿದ್ದರು. ಆದರೆ ಮೇಷ್ಟ್ರು ಬರೆದ ಊರಿನ ಇತಿಹಾಸ ಇದ್ದದ್ದು ಸಿ ಡ್ರೈವಿನಲ್ಲಿ, ನುಡಿ ಇನ್‌ಸ್ಟಾಲ್ ಆದ ಫೋಲ್ಡರಿನ ಒಳಗೆ. ಅದನ್ನು ಯಾರೂ ನೋಡಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಅದರ ಮೇಲೆ ಹೊಸ ವಿಂಡೋಸ್ ಬರೆದಾಗಿತ್ತು. ನಾನು ಮೂರು ದಿನ ರಿಕವರಿ ಓಡಿಸಿದೆ. ಮೂವತ್ತಾರು ಫೈಲು ಸಿಕ್ಕಿತು. ಒಂದಕ್ಕೂ ಹೆಸರಿಲ್ಲ, ಅರ್ಧದಷ್ಟು ತೆರೆಯುವುದೇ ಇಲ್ಲ. ಮೇಷ್ಟ್ರು ನನ್ನ ಬೆಂಚಿನ ಎದುರು ಸ್ಟೂಲಿನಲ್ಲಿ ಕೂತು ಒಂದೊಂದನ್ನೇ ತೆರೆಸಿ "ಇದು ನಂದು, ಇದು ನಂದಲ್ಲ" ಎಂದು ಹೇಳುತ್ತಾ ಹೋದರು. ಸಂಜೆ ಕೊಡೆ ತೆಗೆದುಕೊಂಡು ಹೊರಟಾಗ ಅವರು ಏನೂ ಹೇಳಲಿಲ್ಲ. ನನಗೆ ಆ ದಿನ ಹಣ ತೆಗೆದುಕೊಳ್ಳಲು ಕೈ ಬರಲಿಲ್ಲ.

ನಿಮಗೆ ಹಾಗೆ ಆಗಬಾರದು. ಇವತ್ತೇ ಹೀಗೆ ಮಾಡಿ. ವಿಂಡೋಸ್ ಕೀಲಿ ಹಿಡಿದು ಇ ಒತ್ತಿ. "ದಿಸ್ ಪಿಸಿ" ಮೇಲೆ ಕ್ಲಿಕ್ ಮಾಡಿ. ಬಲಬದಿ ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ನಕ್ಷತ್ರದ ಚಿಹ್ನೆ, ಚುಕ್ಕಿ, ಡಿ ಓ ಸಿ, ಮತ್ತೆ ನಕ್ಷತ್ರ ಹಾಕಿ ಕಾಯಿರಿ. ನಿಮ್ಮ ಹಳೆ ಡಿಸ್ಕಿನಲ್ಲಿ ಅರ್ಧ ಗಂಟೆ ಹಿಡಿಯಬಹುದು. ಆಮೇಲೆ ಡಿ ಓ ಸಿ ಜಾಗದಲ್ಲಿ ಆರ್ ಟಿ ಎಫ್ ಹಾಕಿ ಇನ್ನೊಂದು ಸಲ. ಸಿಕ್ಕಿದ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ "ಓಪನ್ ಫೈಲ್ ಲೊಕೇಶನ್" ಎಂದು ಬರುತ್ತದೆ. ಅದು ಯಾವ ಫೋಲ್ಡರನ್ನು ತೋರಿಸುತ್ತದೋ ಅದನ್ನು ಒಂದು ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದಿಡಿ. ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದು ಮಗಳ ಮನೆಯಲ್ಲಿ. ಬೇರೆ ಕಂಪ್ಯೂಟರಿನಲ್ಲಿ ನಾಲ್ಕೈದು ಫೈಲು ತೆರೆದು ನೋಡಿ. ಅಲ್ಲಿಯವರೆಗೆ ಬ್ಯಾಕಪ್ ಆಯಿತು ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ನೀವು ಕಲಿಯಬೇಕಾದ ಬೇಸಿಕ್ ಹೆಚ್ಚುಕಡಿಮೆ ಇದೇ. ಮನೆಯವರ ಮಿಕ್ಸಿ ಮಾತು ನನಗೆ ಅರ್ಥ ಆಗುತ್ತದೆ. ಆದರೆ ಮಿಕ್ಸಿಯೊಳಗೆ ಯಾರೂ ಆರು ವರ್ಷದ ಕೆಲಸ ಇಟ್ಟಿರುವುದಿಲ್ಲ.

ಇನ್ನು ನುಡಿ ವಿಷಯ. ಆರು ವರ್ಷ ನುಡಿಯಲ್ಲಿ ಟೈಪ್ ಮಾಡಿದ್ದೀರಿ, ಹೆಚ್ಚಾಗಿ ಆಸ್ಕಿ ಅಕ್ಷರದಲ್ಲೇ ಇರಬೇಕು. ಪರೀಕ್ಷೆ ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಯುನಿಕೋಡ್, ಅಂದರೆ ಮೊಬೈಲಿನಲ್ಲೂ ಬೇರೆ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಪದ್ಧತಿ. ತಲೆ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಬಂದರೆ ಆಸ್ಕಿ. ಆಸ್ಕಿಯಲ್ಲಿ ನಿಮಗೆ "ಕ" ಎಂದು ಕಾಣುವ ಜಾಗದಲ್ಲಿ ಫೈಲಿನ ಒಳಗೆ ನಿಜವಾಗಿ ಇರುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಓರೆ ಗೆರೆ ಇರುವ ಎ. ನುಡಿಯ ಫಾಂಟ್ ಆ ಎರಡನ್ನು "ಕ"ದ ಹಾಗೆ ಬಿಡಿಸಿ ತೋರಿಸುತ್ತದೆ. ಫಾಂಟ್ ಹೋದರೆ ಮಾವನ ಪದ್ಯವೂ ಹೋದ ಹಾಗೆ ಕಾಣುತ್ತದೆ. ಲಿನಕ್ಸ್ ಹಾಕಿದರೆ ಮಾತ್ರ ಬರುವ ತೊಂದರೆ ಅಲ್ಲ ಇದು. ನಲವತ್ತೈದು ಸಾವಿರದ ಹೊಸ ಲ್ಯಾಪ್‌ಟಾಪಿನಲ್ಲೂ ನುಡಿ ಫಾಂಟ್ ಇಲ್ಲದಿದ್ದರೆ ಹೀಗೇ ಆಗುವುದು. ಆಸ್ಕಿಯಿಂದ ಯುನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕಗಳು ನೆಟ್ಟಿನಲ್ಲಿ ಉಂಟು. ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಜಾಗಗಳನ್ನು ಕಣ್ಣಿನಿಂದಲೇ ನೋಡಬೇಕು. ಆಸ್ಕಿಯಲ್ಲಿ ಅರ್ಕಾವೊತ್ತನ್ನು ಅಕ್ಷರ ಆದ ಮೇಲೆ ಇಡುತ್ತಾರೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆ ಮುಂದೆ ಮಾಡುವಾಗ ಕೆಲವು ಸಲ ತಪ್ಪುತ್ತದೆ. ನಿಮ್ಮದು ಪ್ರಸಂಗ. ಕರ್ಣ, ಅರ್ಜುನ, ದುರ್ಯೋಧನ, ಮೂವರಲ್ಲೂ ಅರ್ಕಾವೊತ್ತು ಉಂಟು, ಅಲ್ವಾ?

ಯಂತ್ರದ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಸುಳ್ಳು ಹೇಳಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರ ಲ್ಯಾಪ್‌ಟಾಪ್ ಅದಕ್ಕಿಂತ ಹಳೆಯದು. ಆದರೆ ಬಿಸಾಡುವಂಥದ್ದಲ್ಲ. ನಿಧಾನ ಆಗುವುದು ಹೆಚ್ಚಾಗಿ ಒಳಗಿನ ತಿರುಗುವ ಹಾರ್ಡ್ ಡಿಸ್ಕಿನಿಂದ. ಅದನ್ನು ತೆಗೆದು, ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸನ್ನು ಆ ಹೊಸ ಎಸ್‌ಎಸ್‌ಡಿಗೆ ಹಾಕಿ. ತೆಗೆದ ಡಿಸ್ಕನ್ನು ಮುಟ್ಟಲೇಬೇಡಿ. ಯುಎಸ್‌ಬಿ ಕೇಸ್ ಸಿಗುತ್ತದೆ, ಅದರೊಳಗೆ ಹಾಕಿ ಕಪಾಟಿನಲ್ಲಿಡಿ. ನಿಮ್ಮ ವಿಂಡೋಸ್, ನುಡಿ, ಫೈಲು, ಎಲ್ಲ ಇದ್ದ ಹಾಗೇ ಇರುತ್ತದೆ. ಲಿನಕ್ಸ್ ಬೇಡ ಅನ್ನಿಸಿದ ದಿನ ಎರಡು ಸ್ಕ್ರೂ ಬಿಚ್ಚಿ ಹಳೆಯದನ್ನು ವಾಪಸ್ ಹಾಕಿದರೆ ಆಯಿತು. ಭಯ ಇರುವವರಿಗೆಲ್ಲ ನಾನು ಹೇಳುವ ದಾರಿ ಇದು. ತೆಗೆಯುವವರು ಮೊದಲು ಡಿಸ್ಕಿಗೆ ಬಿಟ್‌ಲಾಕರ್ ಬೀಗ ಉಂಟಾ ನೋಡಿಕೊಳ್ಳಲಿ, ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಲಿ.

ಯಾವ ಲಿನಕ್ಸ್ ಎಂದರೆ, ನಾನು ಮಿಂಟ್ ಹಾಕುತ್ತೇನೆ. ನೋಡಲು ವಿಂಡೋಸಿನ ಹಾಗೇ ಇರುತ್ತದೆ, ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು. 4 ಜಿಬಿ ರ‍್ಯಾಮ್ ಸಾಕು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ಅವಸರ ಮಾಡಬೇಡಿ. ವಿಂಡೋಸ್ 10ರಲ್ಲೇ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ. ಅಷ್ಟರೊಳಗೆ ಸಾವಕಾಶ ಕಲಿಯಬಹುದು.

ಕೀಬೋರ್ಡಿನ ಚಿಂತೆಯೂ ಬೇಡ. ನುಡಿಯಲ್ಲಿ ನೀವು ಬಳಸುವ ವಿನ್ಯಾಸ ಲಿನಕ್ಸಿನ ಪಟ್ಟಿಯಲ್ಲಿ "ಕಗಪ" ಎಂಬ ಹೆಸರಿನಲ್ಲಿ ಉಂಟು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ಅದರ ಮೂಲ ಮಾಡಿಕೊಟ್ಟವರು ಕೆ. ಪಿ. ರಾವ್, ನಮ್ಮ ಮಂಗಳೂರು ಪಕ್ಕದ ಕಿನ್ನಿಕಂಬಳದವರು. ಎಲ್ಲೋ ಫಿನ್‌ಲ್ಯಾಂಡಿನಲ್ಲಿ 1991ರಲ್ಲಿ ಒಬ್ಬ ವಿದ್ಯಾರ್ಥಿ ಶುರು ಮಾಡಿದ ಲಿನಕ್ಸಿನೊಳಗೆ ಕಿನ್ನಿಕಂಬಳದವರ ಕೀಲಿಮಣೆ ಬಂದು ಕೂತಿದೆ. ನನಗೆ ಪ್ರತಿ ಸಲ ಅದನ್ನು ಆರಿಸುವಾಗ ಖುಷಿ ಆಗುತ್ತದೆ.

ಲೆಕ್ಕದ ಮೇಜು, ಕಂಕನಾಡಿ

ಬೆಂಚಿನ ಅಣ್ಣ ಹೇಳಿದ ಮೊದಲ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡನೇ ಅರ್ಧಕ್ಕೆ ಇಲ್ಲ.

ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಎರಡು ವರ್ಷದ ಹಿಂದೆ ಉತ್ಸಾಹದಲ್ಲಿ ಆಫೀಸಿನ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ನಮ್ಮ ಲೆಕ್ಕದ ತಂತ್ರಾಂಶ ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ್ದು, ಲಿನಕ್ಸಿನಲ್ಲಿ ಅದನ್ನು ನೇರ ಓಡಿಸಲು ಆಗುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಓದಿಸಲು ಒಂದು ಇಡೀ ಶನಿವಾರ ಹೋಯಿತು. ಗ್ರಾಹಕರು ಕಳಿಸುವ ಎಕ್ಸೆಲ್‌ನಲ್ಲಿ ತಾನಾಗಿ ಕೆಲಸ ಮಾಡುವ ಮ್ಯಾಕ್ರೋ ಇದ್ದರೆ, ಲಿನಕ್ಸಿನಲ್ಲಿ ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆ ಆಫೀಸಿನಲ್ಲಿ ಸರಿಯಾಗಿ ಓಡುತ್ತಿರಲಿಲ್ಲ. ನಮ್ಮ ಹಳೆ ಲೇಸರ್ ಪ್ರಿಂಟರ್ ಕೊನೆಗೂ ಮಾತು ಕೇಳಲಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರ ಬಂತು, ನಾನು ವಿಂಡೋಸಿಗೆ ವಾಪಸ್ ಬಂದೆ. ತಡವಾದರೆ ದಂಡ ಇರುವ ಕೆಲಸದಲ್ಲಿ ಪ್ರಯೋಗ ಮಾಡಬಾರದು.

ಆದರೆ ಬೇಸಿಕ್ ಕಲಿಯಬೇಕು, ಎಲ್ಲರೂ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಒಂದು ಮೇಲ್ ತೆರೆದಳು. ಬಿಲ್ಲಿನ ಪಿಡಿಎಫ್ ಎಂದು ಕಾಣುತ್ತಿತ್ತು. ಅದರ ಪೂರ್ತಿ ಹೆಸರಿನ ಕೊನೆಯಲ್ಲಿ ಪಿಡಿಎಫ್ ಆದ ಮೇಲೆ ಇನ್ನೊಂದು ಚುಕ್ಕಿ, ಇಎಕ್ಸ್‌ಇ ಎಂದು ಇತ್ತು. ವಿಂಡೋಸ್ ಆ ಕೊನೆಯ ಬಾಲವನ್ನು ತಾನಾಗಿ ಅಡಗಿಸುತ್ತದೆ. ಅವಳಿಗೆ ಕಂಡದ್ದು ಪಿಡಿಎಫ್ ಮಾತ್ರ. ಒತ್ತಿದ್ದು ಪ್ರೋಗ್ರಾಂ. ಒಂದು ಗಂಟೆಯೊಳಗೆ ಎಲ್ಲ ಫೈಲಿನ ಹೆಸರು ಬದಲಾಯಿತು, ಯಾವುದೂ ತೆರೆಯಲಿಲ್ಲ. ಬ್ಯಾಕಪ್ ಡಿಸ್ಕ್ ಇತ್ತು. ಆದರೆ ಅದನ್ನು ಸದಾ ಸಿಕ್ಕಿಸಿಯೇ ಇಟ್ಟಿದ್ದೆವು, ಹಾಗಾಗಿ ಅದೂ ಹೋಯಿತು. ಒಬ್ಬ ಗ್ರಾಹಕರ ಹತ್ತಿರ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಹಳೆ ಕಾಪಿ ಇದ್ದದ್ದರಿಂದ ಅವರ ಒಂದು ವರ್ಷ ಮಾತ್ರ ಉಳಿಯಿತು. ತಪ್ಪು ಆ ಹುಡುಗಿಯದ್ದಲ್ಲ. ಬಾಲ ನೋಡಲು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅಕ್ಕ, ಫೈಲ್ ಎಕ್ಸ್‌ಪ್ಲೋರರಿನ "ವ್ಯೂ" ಒಳಗೆ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಎಂದು ಇದೆ, ಅದಕ್ಕೆ ಟಿಕ್ ಹಾಕಿ. ಪೆನ್‌ಡ್ರೈವನ್ನು ಕಾಪಿ ಆದ ಕೂಡಲೇ ತೆಗೆಯಿರಿ.

ಇನ್ನೊಂದು ಮಾತು. ಹೆಬ್ರಿಯಲ್ಲಿ ಲಿನಕ್ಸ್ ಹಾಕಿ ಕೂತರೆ, ಹಾಳಾದ ದಿನ ನೋಡುವವರು ಯಾರು? ತಂಗಿಯ ಮಗನಿಗೆ ನಾಳೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ವಿಂಡೋಸ್ ಆದರೆ ಯಾವ ಅಂಗಡಿಗೂ ಕೊಂಡೊಯ್ಯಬಹುದು.

ಮಲ್ಪೆ ವಿದ್ಯಾರ್ಥಿ

ನಾನು ಲಿನಕ್ಸ್ ಹಾಕುವಾಗ "ಇಡೀ ಡಿಸ್ಕ್ ಅಳಿಸಿ ಹಾಕು" ಎಂಬ ಆಯ್ಕೆಗೆ ಸರಿಯಾಗಿ ಓದದೆ ಮುಂದೆ ಒತ್ತಿದೆ. ಅಣ್ಣನ ಮದುವೆ ಫೋಟೋ ಎಲ್ಲ ಹೋಯಿತು. ಎಸ್‌ಎಸ್‌ಡಿ ಬೇರೆ ಹಾಕಿ ಎಂದು ಬೆಂಚಿನ ಅಣ್ಣ ಹೇಳಿದ್ದನ್ನು ಹಾಗೇ ಪಾಲಿಸಿ.

ರಿಪೇರಿ ಬೆಂಚು, ಹಂಪನಕಟ್ಟೆ

ಲೆಕ್ಕದ ಮೇಜಿನವರೇ, ನಿಮ್ಮ ಆಫೀಸಿಗೆ ನಾನೂ ಲಿನಕ್ಸ್ ಹಾಕಿ ಎಂದು ಹೇಳುವುದಿಲ್ಲ. ಟ್ಯಾಲಿ ಉಂಟು, ಟೋಕನ್ ಉಂಟು ಎಂದ ಕೂಡಲೇ ನಾನೇ ಬೇಡ ಅನ್ನುತ್ತೇನೆ. ಆದರೆ ಈ ಅಕ್ಕನಿಗೆ ಬೇಕಾದದ್ದು ಕನ್ನಡ ಟೈಪಿಂಗ್, ವಿಡಿಯೋ, ಮೇಲ್, ಬ್ಯಾಂಕಿನ ಸೈಟು. ನನ್ನ ಬೆಂಚಿಗೆ ಬರುವ ಮನೆ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಇಷ್ಟೇ ಕೆಲಸ. ಅಷ್ಟಕ್ಕೆ ಓಡುವ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸಂಕಟ.

ನೋಡುವವರು ಯಾರು ಎಂಬುದು ಮಾತ್ರ ನಿಜವಾದ ಪ್ರಶ್ನೆ. ನನ್ನ ಉತ್ತರ ಇದು. ಅಕ್ಕ, ಹಾಕುವ ದಿನ ಮೌಸ್ ನಿಮ್ಮ ಕೈಯಲ್ಲಿರಲಿ. ಹುಡುಗ ಪಕ್ಕದಲ್ಲಿ ಕೂತು ಬಾಯಿಯಲ್ಲಿ ಹೇಳಲಿ, ಮುಟ್ಟಬಾರದು. ಪ್ರತಿ ಹೆಜ್ಜೆ ನಿಮ್ಮ ಪುಸ್ತಕದಲ್ಲಿ ನಿಮ್ಮ ಅಕ್ಷರದಲ್ಲಿ ಬರೆದುಕೊಳ್ಳಿ. ಎರಡು ಗಂಟೆಯ ಕೆಲಸಕ್ಕೆ ಒಂದು ದಿನ ಹೋಗಲಿ. ಪ್ರಸಂಗ ನಿಮ್ಮ ಕೈಯಲ್ಲಿದ್ದರೆ ಮೇಳ ಯಾವುದಾದರೂ ಆಟ ಆಡಬಹುದು.

ಹಾಕುವ ಮೊದಲು ಪೆನ್‌ಡ್ರೈವಿನಿಂದ ಓಡಿಸಿ ನೋಡಿ. 8 ಜಿಬಿಯದ್ದು ಸಾಕು. ಹುಡುಗ ಅದಕ್ಕೆ ಮಿಂಟ್ ಬರೆದು ತರಲಿ. ಆನ್ ಮಾಡುವಾಗ ಎಫ್12 ಅಥವಾ ನಿಮ್ಮ ಲ್ಯಾಪ್‌ಟಾಪಿನ ಬೂಟ್ ಕೀಲಿ ಒತ್ತಿದರೆ ಅದರಿಂದಲೇ ಶುರುವಾಗುತ್ತದೆ. ಒಳಗಿನ ಡಿಸ್ಕಿಗೆ ಏನೂ ಬರೆಯುವುದಿಲ್ಲ. ವೈಫೈ, ಶಬ್ದ, ಕನ್ನಡ, ಈ ಮೂರು ನೋಡಿ. ಮೊದಲು ವಿಂಡೋಸನ್ನು ಪೂರ್ತಿ ಮುಚ್ಚಿ, ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ. ಇಲ್ಲದಿದ್ದರೆ ಅದು ಅರೆನಿದ್ದೆಯಲ್ಲಿರುತ್ತದೆ, ಆಗ ಲಿನಕ್ಸ್ ಆ ಡಿಸ್ಕನ್ನು ಸರಿಯಾಗಿ ತೆರೆಯದೆ ಹೋಗಬಹುದು.

ಗಡಿಯಾಚೆ ಮೇಷ್ಟ್ರು, ತೊಕ್ಕೊಟ್ಟು

ನನ್ನ ಮನೆ ತೊಕ್ಕೊಟ್ಟಿನಲ್ಲಿ, ಪಾಠ ಮಾಡುವುದು ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ. ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ.

ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸಿನಲ್ಲಿ. ಕೈಟ್ ಎಂಬ ಸರಕಾರಿ ಸಂಸ್ಥೆ ಉಬುಂಟು ಎಂಬ ಬಗೆಯ ಲಿನಕ್ಸನ್ನು ಶಾಲೆಗೆ ಬೇಕಾದ ಹಾಗೆ ಮಾಡಿ ಕೊಡುತ್ತದೆ. ಅದರಲ್ಲೇ ಲಿಬ್ರೆ ಆಫೀಸ್, ಗಣಿತಕ್ಕೆ ಜಿಯೋಜಿಬ್ರಾ, ಚಿತ್ರಕ್ಕೆ ಇಂಕ್‌ಸ್ಕೇಪ್. ಎಸ್‌ಎಸ್‌ಎಲ್‌ಸಿಯಲ್ಲಿ ಐಟಿಗೆ ಪ್ರಾಯೋಗಿಕ ಪರೀಕ್ಷೆ ಉಂಟು. ತಲಪಾಡಿಯ ಆಚೆ ಇದು ಯಾರಿಗೂ ವಿಶೇಷ ಸಂಗತಿ ಅಲ್ಲ. ಈಚೆ ಬಂದರೆ ಇಂಜಿನಿಯರ್‌ಗಳಿಗೆ ಮಾತ್ರ ಎಂಬ ಹಾಗೆ ಮಾತಾಡುತ್ತಾರೆ. ಇಪ್ಪತ್ತು ಕಿಲೋಮೀಟರಿನ ಒಳಗೆ ಇಷ್ಟು ವ್ಯತ್ಯಾಸ!

ನಮ್ಮ ಮಕ್ಕಳಲ್ಲಿ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಎಂಟನೇ ತರಗತಿಯ ಒಬ್ಬಳು ಹುಡುಗಿ, ಅಪ್ಪ ಬೀಡಿ ಕಂಪನಿಗೆ ಎಲೆ ಸಾಗಿಸುವವರು, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅವಳ ಚಿತ್ರ ಒಂದು ಕಂಪ್ಯೂಟರಿನಲ್ಲಿತ್ತು, ಅದು ಕೆಟ್ಟಿತು. ಅವಳು ಅಳಲಿಲ್ಲ. "ಸರ್, ನನ್ನ ಹೋಮ್ ಫೋಲ್ಡರಿನಲ್ಲಿ ಎಂಟು ಬಿ ಒಳಗೆ ಇಟ್ಟಿದ್ದೇನೆ, ಡಿಸ್ಕ್ ಸರಿ ಉಂಟಾ?" ಎಂದು ಕೇಳಿದಳು. ಡಿಸ್ಕ್ ಸರಿ ಇತ್ತು. ಬೇರೆ ಯಂತ್ರಕ್ಕೆ ಸಿಕ್ಕಿಸಿ ಅವಳೇ ತೆಗೆದಳು. ಅವಳಿಗೆ ಬಟನ್ ಎಲ್ಲಿದೆ ಎಂದು ಬಾಯಿಪಾಠ ಇರಲಿಲ್ಲ. ತನ್ನ ವಸ್ತು ಎಲ್ಲಿದೆ ಎಂದು ಗೊತ್ತಿತ್ತು. ಅಂಗಡಿಯ ಹುಡುಗ ನಿಮಗೆ ಕೇಳಿದ್ದು ಅದನ್ನೇ ಅಲ್ವಾ?

ಇದೇ ಮಕ್ಕಳು ಮುಂದೆ ಮಂಗಳೂರಿನ ಕಾಲೇಜಿಗೆ ಬಂದು ವಿಂಡೋಸ್ ಬಳಸುತ್ತಾರೆ. ಎರಡು ದಿನ ತಡವರಿಸುತ್ತಾರೆ, ಮೂರನೇ ದಿನ ಸರಿ. ಎರಡು ಬಗೆಯದನ್ನು ಮುಟ್ಟಿದವರಿಗೆ ಮೂರನೆಯದರ ಹೆದರಿಕೆ ಇರುವುದಿಲ್ಲ. ಅಕ್ಕ, ನಿಮ್ಮ ಮೊಬೈಲ್ ಆಂಡ್ರಾಯ್ಡ್ ಆದರೆ ಅದರೊಳಗಿನ ಕರ್ನಲ್, ಅಂದರೆ ತಿರುಳು, ಕೂಡ ಲಿನಕ್ಸೇ. ಇಷ್ಟು ವರ್ಷ ನೀವು ಅದನ್ನು ಬಳಸಿಯೇ ಬಳಸಿದ್ದೀರಿ.

ತೋಟದಮನೆ, ಹೆಬ್ರಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಮೂರು ವಾರ ಆಯಿತು, ಏನೇನಾಯಿತು ಎಂದು ಬರೆಯುತ್ತೇನೆ.

ಮೊದಲು ಹುಡುಕಿದೆ. ಸಿಕ್ಕಿತು! 143 ಫೈಲು, ಮೂರು ಜಾಗದಲ್ಲಿ. 61 ಡಾಕ್ಯುಮೆಂಟ್ಸ್‌ನಲ್ಲಿ, 70 ನುಡಿಯ ಫೋಲ್ಡರಿನ ಒಳಗೆ, ಆ ಮೇಷ್ಟ್ರದ್ದು ಇದ್ದ ಹಾಗೆಯೇ. ಇನ್ನು 12 ಡೌನ್‌ಲೋಡ್ಸ್‌ನಲ್ಲಿ, ಮಗಳು ತಿದ್ದಿ ಮೇಲ್ ಮಾಡಿದ್ದು. 70 ಎಂದು ನೋಡಿದಾಗ ಕೈ ನಡುಗಿತು. ಅಂಗಡಿಯಲ್ಲಿ ಆ ದಿನವೇ ಬಿಟ್ಟು ಬಂದಿದ್ದರೆ ಅರ್ಧ ಕೆಲಸ ಹೋಗುತ್ತಿತ್ತು.

ನಾನು ಇಟ್ಟ ಹೆಸರುಗಳು "ಹೊಸದು", "ಹೊಸದು 2", "ಮಾವ ಸರಿಮಾಡಿದ್ದು" ಎಂದೆಲ್ಲ ಇದ್ದವು. ಎಲ್ಲವನ್ನೂ ತೆರೆದು ನೋಡಿ ಪುಸ್ತಕದ ಸಂಖ್ಯೆ, ಪದ್ಯದ ಸಂಖ್ಯೆ ಹಾಕಿ ಹೆಸರು ಬದಲಾಯಿಸಿದೆ. ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ಮಗಳಿಗೆ ಕೊರಿಯರ್ ಮಾಡಿದೆ. ಅವಳು ಅಲ್ಲಿ ತೆರೆದು, ಮಾವನ ಒಂದು ಪದ್ಯ ಫೋನಿನಲ್ಲಿ ಓದಿ ಹೇಳಿದಳು. ಈಗ ಬ್ಯಾಕಪ್ ಆಯಿತು ಎಂದು ಲೆಕ್ಕಕ್ಕೆ ಹಿಡಿದೆ.

ಭಾನುವಾರ ತಂಗಿಯ ಮಗ ಬಸ್ಸಿನಲ್ಲಿ ಬಂದ. ಅವನಿಗೆ ಇಲ್ಲಿ ಬರೆದದ್ದನ್ನು ಓದಿಸಿದೆ. "ಸರಿ ದೊಡ್ಡಮ್ಮ, ನಾನು ಮುಟ್ಟುವುದಿಲ್ಲ" ಎಂದು ಕೈ ಕಟ್ಟಿ ಕೂತ. ಪೆನ್‌ಡ್ರೈವಿನಿಂದ ಮಿಂಟ್ ಶುರುವಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ. ಮತ್ತೆ ಶುರುವಿನಿಂದ. ಒಟ್ಟು ಮೂರು ಸಲ ಹೋಯಿತು, ಮೂರು ಸಲ ಎಫ್12 ಒತ್ತಿ ಮೂರನೇ ಸಲಕ್ಕೆ ಪುಸ್ತಕ ನೋಡದೆ ಮಾಡಿದೆ. ವೈಫೈ ಬಂತು. ಶಬ್ದ ಬಂತು. ಕೀಬೋರ್ಡಿನ ಪಟ್ಟಿಯಲ್ಲಿ ಕನ್ನಡ ಹುಡುಕಿ ಕಗಪ ಆರಿಸಿದೆ. "ಅನ್ನ" ಎಂದು ಬರೆಯಲು ಹೊರಟೆ. ಒತ್ತಕ್ಷರಕ್ಕೆ ಬೆರಳು ತಾನಾಗಿ ಎಫ್ ಮೇಲೆ ಹೋಯಿತು. ನ ಕೆಳಗೆ ನ ಕೂತಿತು. ಅದು ನನ್ನ ಕೀಬೋರ್ಡೇ! ಬೇರೆ ಊರಿನ ಸಂತೆಯಲ್ಲಿ ನಮ್ಮ ಊರಿನವರು ಸಿಕ್ಕಿದ ಹಾಗೆ ಆಯಿತು.

ಎಸ್‌ಎಸ್‌ಡಿ ಎರಡು ಸಾವಿರದ ಆಸುಪಾಸಿಗೆ ಸಿಕ್ಕಿತು. ಹೊಸದಕ್ಕೆ ಮಿಂಟ್ ಹಾಕಿದ್ದು ನಾನೇ. ಈಗ ಆನ್ ಮಾಡಿ ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ತಯಾರಾಗಿರುತ್ತದೆ.

ಕನ್ನಡದ್ದು ಆಸ್ಕಿಯೇ ಆಗಿತ್ತು. ಎಲ್ಲವನ್ನೂ ಯುನಿಕೋಡಿಗೆ ಬದಲಾಯಿಸುತ್ತಿದ್ದೇನೆ. ದಿನಕ್ಕೆ ನಾಲ್ಕು ಫೈಲು, ಪಕ್ಕದಲ್ಲಿ ಮಾವನ ಪುಸ್ತಕ ಇಟ್ಟುಕೊಂಡು. ಬೆಂಚಿನ ತಮ್ಮ ಹೇಳಿದ ಹಾಗೆ ಅರ್ಕಾವೊತ್ತಿನಲ್ಲಿ ತಪ್ಪು ಸಿಗುತ್ತಿದೆ, "ಸೂರ್ಯ"ದಲ್ಲಿ ಹೆಚ್ಚು. ಉಡುಪಿಯ ಪ್ರೆಸ್ಸಿನಲ್ಲಿ ವಿಚಾರಿಸಿದಾಗ ಅವರು ಪುಟ ಕಟ್ಟುವ ಪೇಜ್‌ಮೇಕರಿಗೆ ಆಸ್ಕಿಯೇ ಬೇಕು ಎಂದರು. ಹಾಗಾಗಿ ಹಳೆಯದನ್ನು ಅಳಿಸಲಿಲ್ಲ, ಎರಡೂ ಇಟ್ಟಿದ್ದೇನೆ. ನಮ್ಮ ಸಂಘದ ಭಾಗವತರಿಗೆ ಮಾತ್ರ ಯುನಿಕೋಡಿನದ್ದು ಕಳಿಸಿದೆ. ಅವರು ಮೊಬೈಲಿನಲ್ಲೇ ಓದಿ, ಝಂಪೆ ತಾಳದಲ್ಲಿ ಒಂದು ಪದ್ಯ ಹಾಡಿ ವಾಯ್ಸ್ ಮೆಸೇಜ್ ಕಳಿಸಿದರು. ಮನೆಯವರು ಅದನ್ನು ಎರಡು ಸಲ ಹಾಕಿಸಿ ಕೇಳಿದರು. ಮಿಕ್ಸಿ ಮಾತು ಮತ್ತೆ ಎತ್ತಲಿಲ್ಲ.

ಲೆಕ್ಕದ ಮೇಜಿನವರು ಹೇಳಿದ ಹಾಗೆ ವಿಂಡೋಸ್ ಇರುವಾಗಲೇ ಬಾಲಕ್ಕೆ ಟಿಕ್ ಹಾಕಿದ್ದೆ, ಈಗ ಮಗಳಿಗೂ ಹಾಕಿಸಿದ್ದೇನೆ. ಪ್ರಿಂಟರ್ ನಮ್ಮಲ್ಲಿ ಇಲ್ಲ, ಪಿಡಿಎಫ್ ಮಾಡಿ ಹೆಬ್ರಿ ಪೇಟೆಗೆ ಒಯ್ಯುತ್ತೇನೆ.

ಹಳೆ ಡಿಸ್ಕನ್ನು ಕೇಸಿನಲ್ಲಿ ಹಾಕಿ, ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಮಾವನ ಪುಸ್ತಕಗಳ ಪಕ್ಕ ಕಪಾಟಿನಲ್ಲಿಟ್ಟಿದ್ದೇನೆ. ಡಬ್ಬದ ಮೇಲೆ ಒಳಗೆ ಏನಿದೆ, ಯಾವ ಫೋಲ್ಡರಿನಲ್ಲಿದೆ ಎಂದು ಚೀಟಿ ಅಂಟಿಸಿದ್ದೇನೆ.

ಎಂಟನೇ ಪುಸ್ತಕ ನಿನ್ನೆ ಶುರು ಮಾಡಿದೆ. ಮೊದಲ ಪುಟದ ಗಣಪತಿ ಸ್ತುತಿಯಲ್ಲಿ ಮೂರನೇ ಸಾಲಿನ ಕೊನೆಯನ್ನು ಒರಲೆ ತಿಂದಿದೆ. ಭಾಗವತರಿಗೆ ಫೋಟೋ ಕಳಿಸಿದ್ದೇನೆ. ಅವರಿಗೆ ಬಾಯಿಪಾಠ ಇರಬಹುದು, ನಾಳೆ ಹೇಳುತ್ತೇನೆ ಎಂದಿದ್ದಾರೆ.